ಅಪ್‌ಡೇಟ್: ಅಂಗಳಕ್ಕೆ ಒಯ್ದರೆ ಮಾತು ಬಿಡ್ತಿದ್ದ ಸ್ಪೀಕರ್ ಸರಿಹೋಯ್ತು, ಬ್ಯಾಟರಿ ಅರ್ಧಂಬರ್ಧ

ಹಿಂದೆ ಕೇಳಿದ್ದೆನಲ್ಲ, ಅಮ್ಮನಿಗೆ ಕೊಡಿಸಿದ ಸ್ಮಾರ್ಟ್ ಸ್ಪೀಕರ್ (ಹೆಸರು ಹಿಡಿದು ಕರೆದು ಏನಾದ್ರೂ ಕೇಳಿದರೆ ಉತ್ತರ ಕೊಡೋ ಥರದ್ದು) ಜಗಲಿಯಲ್ಲಿ ಚೆನ್ನಾಗಿ ಉತ್ತರ ಕೊಡತ್ತೆ, ಅಡಿಕೆ ಒಣಗಿಸೋ ಅಂಗಳಕ್ಕೆ ಒಯ್ದರೆ 'ಇಂಟರ್ನೆಟ್ ಇಲ್ಲ' ಅನ್ನತ್ತೆ, ಆದರೆ ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ಮಾತ್ರ ಬರತ್ತೆ ಅಂತ. ಮೈಕ್ ಕೆಟ್ಟಿದೆ ಅಂದ್ಕೊಂಡು ವಾಪಸ್ ಮಾಡೋದರಲ್ಲಿದ್ದೆ.

ಮೈಕ್ ಸರಿಯಾಗೇ ಇದೆ. ಕರೆಯೋ ಹೆಸರನ್ನಷ್ಟೇ ಸ್ಪೀಕರ್ ತಾನೇ ಗುರುತಿಸತ್ತೆ, ಆಮೇಲಿನ ಮಾತು ವೈ-ಫೈ ಮೂಲಕ ಕಂಪನಿ ಸರ್ವರ್‌ಗೆ ಹೋಗಿ ಬರಬೇಕು. ಬ್ಲೂಟೂತ್ ಹಾಡು ತರತ್ತೆ, ಇಂಟರ್ನೆಟ್ ತರಲ್ಲ. ನಾನು ಅದನ್ನ 5 ಗಿಗಾಹರ್ಟ್ಸ್ ವೈ-ಫೈಗೆ ಜೋಡಿಸಿದ್ದೆ, ನಮ್ಮ ಹಳೇ ಮನೆಯ ಮಣ್ಣಿನ ಗೋಡೆ ದಾಟೋದು ಅದಕ್ಕೆ ಕಷ್ಟ. ರೂಟರ್‌ನಲ್ಲಿ ಗೋಡೆ ದಾಟೋದರಲ್ಲಿ ಅದಕ್ಕಿಂತ ವಾಸಿಯಾದ 2.4 ಗಿಗಾಹರ್ಟ್ಸ್ ವೈ-ಫೈಗೆ ಬೇರೆ ಹೆಸರು ಕೊಟ್ಟು, ಸ್ಪೀಕರ್‌ನ ಆ್ಯಪ್‌ನಲ್ಲಿ ಹಳೇ ನೆಟ್‌ವರ್ಕ್ ಅಳಿಸಿ ಇದಕ್ಕೆ ಜೋಡಿಸಿದೆ. ಅಷ್ಟೇ! ಈಗ ಕೊಟ್ಟಿಗೆ ಬಾಗಿಲವರೆಗೂ ಮಾತಾಡತ್ತೆ.

ಬ್ಯಾಟರಿ ವಿಷಯ ಬೇರೆ. ಸುಮ್ಮನಿಟ್ಟರೂ ಬೆಳಗಾಗೋದರೊಳಗೆ ಖಾಲಿ ಆಗ್ತಿತ್ತು. ಕಿವಿಗೊಟ್ಟು ಕೂತಿರತ್ತಲ್ಲ, ವೈ-ಫೈ ಬೇರೆ ಆನ್. ಮೈಕ್ ಮ್ಯೂಟ್ ಮಾಡಿದೆ, ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಈಗ ರಾತ್ರಿ ಪೂರ್ತಿ ಆಫ್ ಮಾಡ್ತೀವಿ. ಮರೆತರೆ ಬೆಳಿಗ್ಗೆ ದಾಸರ ಪದ ಇಲ್ಲ, ಬೈಗುಳ ನನಗೆ.

ರೂಟರ್ ನೋಡು ಅಂದವರಿಗೆ ಥ್ಯಾಂಕ್ಸ್. ಅಮ್ಮ ಈಗ ಅದಕ್ಕೆ 'ಏ ಮಾರಾಯ್ತಿ' ಅಂತಾರೆ. ಅದು ಓಗೊಡಲ್ಲ, ಆ ದೋಷಕ್ಕೆ ಮದ್ದಿಲ್ಲ.