ಸಿಡ್ನಿಯಲ್ಲಿ ತಮ್ಮನ ಪರೀಕ್ಷೆ, ಇಲ್ಲಿ ಅಪ್ಪ ಐಸಿಯುನಲ್ಲಿ: ಸ್ಪೆಷಲ್ ಕನ್ಸಿಡರೇಶನ್‌ಗೆ ಊರಿಂದ ಯಾವ ಕಾಗದ ಕಳಿಸಬೇಕು?

ಗದಗಿನ_ಅಕ್ಕ:
ತಮ್ಮ ಸಿಡ್ನಿಯ ಒಂದು ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಕೊನೆಯ ಸೆಮಿಸ್ಟರ್‌ನಲ್ಲಿದ್ದಾನೆ. ಅಪ್ಪನಿಗೆ ಸ್ಟ್ರೋಕ್ ಆಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಐಸಿಯುನಲ್ಲಿಟ್ಟಿದ್ದಾರೆ. ಅವನು ಈ ಶುಕ್ರವಾರ ಒಂದು ಅಸೈನ್‌ಮೆಂಟ್ ಸಲ್ಲಿಸಬೇಕು, ಮುಂದಿನ ವಾರ ಎರಡು ಫೈನಲ್ ಪರೀಕ್ಷೆ ಇವೆ. ಊರಿಗೆ ಬರಬೇಕೆನ್ನುತ್ತಾನೆ. ಮನೆಯಲ್ಲಿ ಕೆಲವರು "ಬರೆಯದಿದ್ದರೆ ಏನಾಯಿತು, ಮುಂದಿನ ಸಲ ಬ್ಯಾಕ್‌ಲಾಗ್ ಬರೆದರಾಯಿತು" ಅನ್ನುತ್ತಿದ್ದಾರೆ. ಅದು ಸರಿಯೇ? ಪರೀಕ್ಷೆಗೆ ಕೂತು ನೋಡುವುದೋ, ಬಿಡುವುದೋ? ಆಸ್ಪತ್ರೆಯಿಂದ ನಾನು ಏನು ಬರೆಸಿಕೊಳ್ಳಬೇಕು? ಡಿಸ್ಚಾರ್ಜ್ ಸಮ್ಮರಿ ಈಗಲೇ ಕೊಡುವುದಿಲ್ಲ ಅಂದರು. ವೀಸಾಕ್ಕೆ ತೊಂದರೆ ಆಗುತ್ತದೆಯೇ?

ಪ್ಯಾರಮಟ್ಟಾ_ಕನ್ನಡಿಗ:
ಅಪ್ಪ ಬೇಗ ಚೇತರಿಸಿಕೊಳ್ಳಲಿ.

ಮೊದಲು ಬ್ಯಾಕ್‌ಲಾಗ್ ಮಾತು. ನಮ್ಮ ಕಡೆಯ ಹಾಗೆ ಪರೀಕ್ಷಾ ಶುಲ್ಕ ಕಟ್ಟಿ ಒಂದು ಪೇಪರ್ ಮತ್ತೆ ಬರೆಯುವ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇಲ್ಲ. ಫೇಲಾದರೆ ಇಡೀ ವಿಷಯಕ್ಕೆ ಮತ್ತೆ ದಾಖಲಾಗಬೇಕು, ಅಂತರರಾಷ್ಟ್ರೀಯ ವಿದ್ಯಾರ್ಥಿಯ ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು. ಒಂದು ವಿಷಯಕ್ಕೇ ಸಾವಿರಾರು ಡಾಲರ್ ಆಗುತ್ತದೆ. ಹಾಗಾಗಿ ಸುಮ್ಮನೆ ಗೈರಾಗುವುದು ಬೇಡವೇ ಬೇಡ, ಸ್ಪೆಷಲ್ ಕನ್ಸಿಡರೇಶನ್‌ಗೆ, ಅಂದರೆ ಇಂಥ ಕಷ್ಟದಲ್ಲಿರುವ ವಿದ್ಯಾರ್ಥಿಗೆ ಪರೀಕ್ಷೆ, ಗಡುವುಗಳಲ್ಲಿ ಕೊಡುವ ರಿಯಾಯಿತಿಗೆ, ಅರ್ಜಿ ಹಾಕಿಯೇ ಬರಲಿ.

ಇನ್ನು ಕೂರುವುದೋ ಬಿಡುವುದೋ ಎಂಬುದು. ಇದನ್ನು ಪರೀಕ್ಷೆಯ ಬೆಳಿಗ್ಗೆಗೂ ಮೊದಲೇ ತೀರ್ಮಾನಿಸಿಬಿಡಬೇಕು. ಸಿಡ್ನಿಯಲ್ಲೇ ಇರುವ ಯುಎನ್‌ಎಸ್‌ಡಬ್ಲ್ಯು (ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ)ದಲ್ಲಿ "ಫಿಟ್ ಟು ಸಿಟ್" ನಿಯಮವಿದೆ: ಪರೀಕ್ಷೆಗೆ ಕೂತರೆ "ನಾನು ಬರೆಯುವ ಸ್ಥಿತಿಯಲ್ಲಿದ್ದೇನೆ" ಎಂದು ಒಪ್ಪಿಕೊಂಡಂತೆ. ಬರೆದ ಮೇಲೆ ಮನಸ್ಸು ಸರಿ ಇರಲಿಲ್ಲ ಅಂದರೆ ಕೇಳುವುದಿಲ್ಲ. ಇಂಥದೇ ನಿಯಮ ಬೇರೆ ಕಡೆಯೂ ಇದೆ. ಮೂರು ರಾತ್ರಿ ನಿದ್ದೆಗೆಟ್ಟು, ಫೋನ್ ಕೈಯಲ್ಲೇ ಹಿಡಿದು ಕೂತವನು "ಪ್ರಯತ್ನ ಮಾಡಿ ನೋಡುತ್ತೇನೆ" ಅಂತ ಹೋಗಿ ಕೂರುವುದೇ ಅತಿ ಹೆಚ್ಚು ನಷ್ಟ ತರುವ ನಿರ್ಧಾರ.

ಈ ಸೌಲಭ್ಯದಿಂದ ಅಂಕ ಹೆಚ್ಚಿಸಿ ಕೊಡುವುದಿಲ್ಲ. ಅಸೈನ್‌ಮೆಂಟ್‌ಗೆ ಗಡುವು ಮುಂದಕ್ಕೆ ಹಾಕುತ್ತಾರೆ, ಫೈನಲ್ ಪರೀಕ್ಷೆಗೆ ಬದಲಿ ಪರೀಕ್ಷೆ ಕೊಡುತ್ತಾರೆ. ಸಣ್ಣ ಕ್ವಿಜ್ ಆದರೆ ಅದರ ಪಾಲನ್ನು ಉಳಿದ ಅಂಕಗಳಿಗೆ ಹಂಚುವುದೂ ಉಂಟು.

ಗಡುವು ಬಹಳ ಬಿಗಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಅಥವಾ ಸಲ್ಲಿಕೆಯ ದಿನದಿಂದ 3 ಕೆಲಸದ ದಿನ. ಬೇರೆ ಕಡೆ ಇನ್ನೂ ಕಡಿಮೆ ಇರಬಹುದು, ಅವನ ವಿಶ್ವವಿದ್ಯಾಲಯದ ಪುಟ ತೆರೆದು ಇವತ್ತೇ ನೋಡಿಕೊಳ್ಳಲಿ. ಜೂನ್‌ನಲ್ಲಿ ಸಿಡ್ನಿ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ರಾತ್ರಿ 11:59 ಎಂದರೆ ಇಲ್ಲಿ ಸಂಜೆ 7:29. ಊರಿಗೆ ಬಂದವರು "ಇವತ್ತು ರಾತ್ರಿ ಹಾಕೋಣ" ಅಂದುಕೊಂಡು ಗಡುವು ತಪ್ಪಿಸಿಕೊಳ್ಳುವುದು ಹೀಗೇ. ಕಾಗದ ಇನ್ನೂ ಕೈಗೆ ಬಂದಿಲ್ಲ ಎಂದು ಕಾಯಬೇಡಿ. ಅರ್ಜಿಯನ್ನು ಸಮಯಕ್ಕೆ ಹಾಕಿ, ಯಾವ ದಾಖಲೆ ಬಾಕಿ ಇದೆ, ಯಾವಾಗ ಸಿಗುತ್ತದೆ ಎಂದು ಅದರಲ್ಲೇ ಬರೆಯಲಿ. ಆಮೇಲೆ ದಾಖಲೆ ಸೇರಿಸಲು ಎಷ್ಟು ದಿನ ಕೊಡುತ್ತಾರೆ ಎಂಬುದನ್ನೂ ಕೇಳಿಕೊಳ್ಳಲಿ.

ಇನ್ನೊಂದು ವಿಷಯ: ಅಸೈನ್‌ಮೆಂಟಿಗೆ ಒಂದು, ಎರಡು ಪರೀಕ್ಷೆಗೆ ಎರಡು, ಹೀಗೆ ಪ್ರತಿಯೊಂದನ್ನೂ ಹೆಸರಿಸಿ ಕೇಳಬೇಕು. ಒಂದಕ್ಕೆ ಒಪ್ಪಿಗೆ ಸಿಕ್ಕರೆ ಉಳಿದವಕ್ಕೂ ತಾನೇ ಅನ್ವಯಿಸುವುದಿಲ್ಲ.

ಕಾಗದಪತ್ರ_ಹುಬ್ಬಳ್ಳಿ:
ಆಸ್ಪತ್ರೆಯ ಕಾಗದದ ಬಗ್ಗೆ ಹೇಳುತ್ತೇನೆ. ಡಿಸ್ಚಾರ್ಜ್ ಸಮ್ಮರಿಗೆ ಕಾಯಬೇಡಿ. ಚಿಕಿತ್ಸೆ ಮಾಡುತ್ತಿರುವ ಡಾಕ್ಟರರ ಹತ್ತಿರ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್ ಪತ್ರ ಕೇಳಿ. ಅದರಲ್ಲಿ ಇರಬೇಕಾದದ್ದು: ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ದಾಖಲಾದ ದಿನಾಂಕ, ಸ್ಥಿತಿ ಗಂಭೀರ ಎಂಬ ಒಂದು ಸಾಲು, ಇನ್ನೂ ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕಾಗಬಹುದು ಎಂಬ ಅಂದಾಜು, ಮಗನ ಪೂರ್ಣ ಹೆಸರು, ಅವನು ಬಂದಿರುವುದು ಅಗತ್ಯ ಎಂಬ ಮಾತು. ಕೆಳಗೆ ಡಾಕ್ಟರರ ಸಹಿ, ಸೀಲು, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಆಸ್ಪತ್ರೆಯ ಫೋನ್, ಪತ್ರ ಬರೆದ ದಿನಾಂಕ. ವಿಶ್ವವಿದ್ಯಾಲಯದವರು ಫೋನ್ ಅಥವಾ ಇಮೇಲ್ ಮಾಡಿ ಪರಿಶೀಲಿಸಬಹುದು, ಆದ್ದರಿಂದ ಕೆಲಸ ಮಾಡುವ ನಂಬರೇ ಇರಲಿ.

ಡಾಕ್ಟರರು ರೌಂಡ್ಸ್ ಮುಗಿಸಿ ಹೊರಟುಬಿಟ್ಟರೆ ಸಹಿಗೆ ಮರುದಿನದವರೆಗೆ ಕಾಯಬೇಕು. ಪತ್ರವನ್ನು ನೀವೇ ಟೈಪ್ ಮಾಡಿಸಿ ಇಟ್ಟುಕೊಂಡಿದ್ದರೆ ಅವರು ಓದಿ, ತಿದ್ದಿ, ಲೆಟರ್‌ಹೆಡ್‌ಗೆ ಹಾಕಿಸಿ ಸಹಿ ಮಾಡುವುದು ಸುಲಭ. ಜೊತೆಗೆ ಅಡ್ಮಿಶನ್ ಚೀಟಿಯ ಫೋಟೊ ತೆಗೆದುಕೊಳ್ಳಿ.

ಅಪ್ಪ-ಮಗನ ಸಂಬಂಧಕ್ಕೆ ತಮ್ಮನ ಪಾಸ್‌ಪೋರ್ಟಿನ ಕೊನೆಯ ಪುಟ ಸಾಕು, ಅಲ್ಲಿ ಸಾಮಾನ್ಯವಾಗಿ ತಂದೆಯ ಹೆಸರಿರುತ್ತದೆ. ಆಸ್ಪತ್ರೆಯಲ್ಲಿ ಬರೆಸಿದ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಹೆಸರೂ ಒಂದೇ ಇದೆಯೇ ನೋಡಿ. "ಬಿ. ಎಸ್. ಪಾಟೀಲ" ಒಂದು ಕಡೆ, "ಬಸವನಗೌಡ" ಇನ್ನೊಂದು ಕಡೆ ಇದ್ದರೆ ಅಲ್ಲಿ ಕೂತವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತಾರೆ. ಪತ್ರದಲ್ಲೇ ಎರಡೂ ರೂಪ ಬರೆಸಿಬಿಡಿ. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಅಜ್ಜ-ಅಜ್ಜಿಯ ವಿಷಯವಾದರೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಬೇಕಾಗಬಹುದು, ಅದಕ್ಕೆ ದಿನ ಹಿಡಿಯುತ್ತದೆ. ಕನ್ನಡದಲ್ಲಷ್ಟೇ ಇರುವ ದಾಖಲೆಗೆ ಅಧಿಕೃತ ಇಂಗ್ಲಿಷ್ ಅನುವಾದ ಕೇಳುತ್ತಾರೆ. ಆಸ್ಟ್ರೇಲಿಯಾದೊಳಗೆ ಮಾಡಿಸುವುದಾದರೆ ನಾಟಿ (NAATI, ಅಲ್ಲಿ ಅನುವಾದಕರಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಅನುವಾದಕರೇ ಬೇಕು.

ವಿಮಾನದ ಟಿಕೆಟ್ ಪ್ರಯಾಣಕ್ಕೆ ಮಾತ್ರ ಪುರಾವೆ. ಅದೊಂದನ್ನೇ ಲಗತ್ತಿಸಿದರೆ ಅರ್ಜಿ ನಿಲ್ಲುವುದಿಲ್ಲ.

ಪ್ಯಾರಮಟ್ಟಾ_ಕನ್ನಡಿಗ:
ಮೇಲಿನ ಪತ್ರದಿಂದ ಅಪ್ಪನ ಸ್ಥಿತಿ ಗೊತ್ತಾಗುತ್ತದೆ. ಮಗನ ಓದಿನ ಮೇಲೆ ಏನು ಪರಿಣಾಮವಾಯಿತು ಎಂಬುದನ್ನು ಅವನೇ ಬರೆಯಬೇಕು, ತಿರಸ್ಕಾರವಾಗುವ ಅರ್ಜಿಗಳು ಎಡವುವುದು ಇಲ್ಲೇ. "ತುಂಬಾ ಒತ್ತಡದಲ್ಲಿದ್ದೇನೆ" ಸಾಲದು. ಯಾವ ದಿನಾಂಕದಿಂದ, ಏನು ಆಗಿದ್ದರಿಂದ, ಯಾವ ಕೆಲಸ ನಿಂತಿತು ಎಂದು ಐದಾರು ಸಾಲು ಸಾಕು: "ಇಂಥ ದಿನ ಸುದ್ದಿ ಬಂತು, ಇಂಥ ದಿನ ಪ್ರಯಾಣ, ಇಂಥ ದಿನದವರೆಗೆ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿರಬೇಕು, ಆದ್ದರಿಂದ ಇಂಥ ಪರೀಕ್ಷೆಗೆ ಹಾಜರಾಗಲಾರೆ."

ಅವನು ಬರದೆ ಅಲ್ಲೇ ಉಳಿದರೆ ದಾರಿ ಬೇರೆ. ಪರೀಕ್ಷೆಯ ದಿನ ಅಥವಾ ಅದಕ್ಕೂ ಮೊದಲೇ ಜಿಪಿ (ಅಲ್ಲಿನ ಸಾಮಾನ್ಯ ಡಾಕ್ಟರ್) ಬಳಿ ಹೋಗಿ ವಿಶ್ವವಿದ್ಯಾಲಯದ್ದೇ ನಮೂನೆ ಇದ್ದರೆ ಅದನ್ನು ತುಂಬಿಸಿಕೊಳ್ಳಬೇಕು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಅದನ್ನು ಪ್ರೊಫೆಷನಲ್ ಪ್ರಾಕ್ಟಿಶನರ್ ಸರ್ಟಿಫಿಕೇಟ್ ಅನ್ನುತ್ತಾರೆ. ವಾರ ಕಳೆದು ಹೋದರೆ "ಆ ದಿನ ಇವನ ಸ್ಥಿತಿ ಹೀಗಿತ್ತು" ಎಂದು ಡಾಕ್ಟರ್ ಹೇಳಲಾರರು. ಆನ್‌ಲೈನ್‌ನಲ್ಲಿ ದುಡ್ಡಿಗೆ ಸಿಗುವ, ಹಿಂದಿನ ದಿನಾಂಕ ಹಾಕಿದ ಸರ್ಟಿಫಿಕೇಟಿನ ಹತ್ತಿರವೂ ಹೋಗಬಾರದು. ಸುಳ್ಳು ದಾಖಲೆ ಶಿಸ್ತು ಉಲ್ಲಂಘನೆ, ಅಮಾನತು ಅಥವಾ ಉಚ್ಚಾಟನೆಯವರೆಗೂ ಹೋಗುತ್ತದೆ. ನಿಜವಾದ ಕಷ್ಟ ಇರುವವನಿಗೆ ಅದರ ಅಗತ್ಯವೂ ಇಲ್ಲ.

ಗದಗಿನ_ಅಕ್ಕ:
ತುಂಬಾ ಉಪಕಾರವಾಯಿತು. ಪತ್ರ ಟೈಪ್ ಮಾಡಿಸುತ್ತಿದ್ದೇನೆ. ಟಿಕೆಟ್ ರಿಟರ್ನ್ ಯಾವಾಗಿಗೆ ಮಾಡಲಿ? ವೀಸಾ ವಿಷಯ ಯಾರಾದರೂ ಹೇಳಿ.

ವೀಸಾ500:
ಒಂದು ಪರೀಕ್ಷೆ ಮುಂದೆ ಹೋದ ಮಾತ್ರಕ್ಕೆ ವಿದ್ಯಾರ್ಥಿ ವೀಸಾಕ್ಕೆ ಏನೂ ಆಗುವುದಿಲ್ಲ. ದಾಖಲಾತಿ ಬಿಟ್ಟುಹೋಗಬಾರದು, ಓದಿನ ಪ್ರಗತಿ ಸಾಲದು ಎನಿಸಿಕೊಳ್ಳಬಾರದು, ಅಷ್ಟೇ. ಹೆದರಿ ವಿಷಯಗಳನ್ನೇ ಕೈಬಿಡುವುದು ಮಾತ್ರ ಅಪಾಯ. ಮೊದಲ ಸೆಮಿಸ್ಟರಿನ ಸೆನ್ಸಸ್ ದಿನ (ಶುಲ್ಕ ಕಳೆದುಕೊಳ್ಳದೆ ವಿಷಯ ಬಿಡಲು ಕೊನೆಯ ದಿನ) ಸಾಮಾನ್ಯವಾಗಿ ಮಾರ್ಚ್ 31, ಅದು ದಾಟಿದೆ, ಈಗ ಬಿಟ್ಟರೆ ಶುಲ್ಕವೂ ಹೋಗುತ್ತದೆ. ಬಿಡುವಂತಾದರೆ, ರಜೆ ಬೇಕಾದರೆ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿಯೇ ಮುಂದುವರಿಯಲಿ. 2018ರ ನ್ಯಾಷನಲ್ ಕೋಡ್ (ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಷಯದಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆಗಳು ಪಾಲಿಸಬೇಕಾದ ನಿಯಮಾವಳಿ) ಪ್ರಕಾರ ಇಂಥ ಕೌಟುಂಬಿಕ ಕಾರಣಕ್ಕೆ ಓದನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅವಕಾಶವಿದೆ.

ಕೊನೆಯ ಸೆಮಿಸ್ಟರ್ ಎಂದಿರಿ, ಅದಕ್ಕೇ ಸಿಒಇಯ (ವಿಶ್ವವಿದ್ಯಾಲಯ ಕೊಡುವ ದಾಖಲಾತಿ ದೃಢೀಕರಣ ಪತ್ರ) ಕೊನೆಯ ದಿನಾಂಕ ಮತ್ತು ವೀಸಾ ಮುಗಿಯುವ ದಿನಾಂಕ ಎರಡನ್ನೂ ಈಗಲೇ ನೋಡಿ. ಬದಲಿ ಪರೀಕ್ಷೆ ಅದಕ್ಕಿಂತ ಮುಂದೆ ಬಿದ್ದರೆ ಸಿಒಇ ವಿಸ್ತರಿಸಬೇಕು, ಬೇಕಾದರೆ ಹೊಸ ವೀಸಾ ಅರ್ಜಿಯನ್ನೂ ಹಾಕಬೇಕು.

ಟಿಕೆಟ್: ದಿನಾಂಕ ಬದಲಿಸಬಹುದಾದದ್ದೇ ತೆಗೆದುಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ಬದಲಿ ಪರೀಕ್ಷೆಯ ದಿನವನ್ನು ಅವರೇ ನಿಗದಿ ಮಾಡುತ್ತಾರೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ, ಹೆಚ್ಚಾಗಿ ಅಲ್ಲೇ ಹೋಗಿ ಬರೆಯಬೇಕು. ಅದೂ ತಪ್ಪಿದರೆ ಹೊಸ ಕಾರಣ, ಹೊಸ ದಾಖಲೆಯೊಂದಿಗೆ ಮತ್ತೆ ಅರ್ಜಿ ಹಾಕಬೇಕು, ಎರಡನೇ ಸಲ ಒಪ್ಪಿಗೆ ಸಿಗುವುದು ಕಷ್ಟ. ವಿಶ್ವವಿದ್ಯಾಲಯದ ಇಮೇಲನ್ನು ದಿನಾ ನೋಡುತ್ತಿರಲಿ, ದಿನಾಂಕ ಬರುವುದು ಅಲ್ಲಿಗೇ.

ಕಾರ್ಡಿಫ್_ಓದುಗ:
ಬ್ರಿಟನ್‌ನಲ್ಲಿರುವವರು ಹುಡುಕುತ್ತಾ ಇಲ್ಲಿಗೆ ಬಂದರೆ: ಅಲ್ಲಿ ಇದರ ಹೆಸರು ಮಿಟಿಗೇಟಿಂಗ್ ಅಥವಾ ಎಕ್ಸ್‌ಟೆನ್ಯೂಯೇಟಿಂಗ್ ಸರ್ಕಮ್‌ಸ್ಟನ್ಸಸ್. ಒಪ್ಪಿಗೆ ಸಿಕ್ಕರೆ ಮರುಪರೀಕ್ಷೆಯನ್ನು ಮೊದಲ ಪ್ರಯತ್ನವೆಂದೇ ಎಣಿಸುತ್ತಾರೆಯೇ, ಅಂಕಕ್ಕೆ ಮಿತಿ ಇಲ್ಲವೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಳಗಿನ ಮೇಲ್ಮನವಿಯೂ ಸೋತರೆ "ಕಂಪ್ಲೀಶನ್ ಆಫ್ ಪ್ರೊಸೀಜರ್ಸ್" ಪತ್ರ (ಒಳಗಿನ ಪ್ರಕ್ರಿಯೆ ಮುಗಿಯಿತು ಎಂಬ ಪತ್ರ) ಕೇಳಿ ಪಡೆದು, 12 ತಿಂಗಳೊಳಗೆ ಒಐಎಗೆ (ವಿದ್ಯಾರ್ಥಿಗಳ ದೂರು ಪರಿಶೀಲಿಸುವ ಸ್ವತಂತ್ರ ಸಂಸ್ಥೆ) ದೂರು ಕೊಡಬಹುದು. ಶುಲ್ಕವಿಲ್ಲ.

ಪ್ಯಾರಮಟ್ಟಾ_ಕನ್ನಡಿಗ:
ಆಸ್ಟ್ರೇಲಿಯಾದಲ್ಲೂ ತಿರಸ್ಕರಿಸಿದರೆ ಅದೇ ಕೊನೆಯಲ್ಲ. ನಿರ್ಧಾರದ ಇಮೇಲಿನಲ್ಲಿ ಕಾರಣ ಬರೆದಿರುತ್ತಾರೆ. "ದಾಖಲೆ ಸಾಲದು" ಎಂದಿದ್ದರೆ ಅದೇ ಮಾತನ್ನು ಮತ್ತೆ ಬರೆಯದೆ ಕೊರತೆ ಇದ್ದ ದಾಖಲೆಯನ್ನೇ ಸೇರಿಸಿ ಮೇಲ್ಮನವಿ ಹಾಕಬೇಕು, ಅದಕ್ಕೂ ಗಡುವಿದೆ. ವಿದ್ಯಾರ್ಥಿ ಸಂಘದ ಕೇಸ್‌ವರ್ಕರ್‌ಗಳು ಕರಡು ಓದಿ ತಿದ್ದಿ ಕೊಡುತ್ತಾರೆ, ಉಚಿತವಾಗಿ. ಒಳಗಿನ ದಾರಿ ಮುಗಿದರೆ 2025ರ ಫೆಬ್ರವರಿ 1ರಿಂದ ಕೆಲಸ ಮಾಡುತ್ತಿರುವ ನ್ಯಾಷನಲ್ ಸ್ಟೂಡೆಂಟ್ ಒಂಬುಡ್ಸ್‌ಮನ್ (ವಿದ್ಯಾರ್ಥಿಗಳ ದೂರು ಆಲಿಸುವ ಸರ್ಕಾರಿ ಅಧಿಕಾರಿ) ಇದ್ದಾರೆ. ಪ್ರಕ್ರಿಯೆ ಸರಿಯಾಗಿ ನಡೆಯಿತೇ ಎಂಬುದನ್ನು ಅವರು ನೋಡುತ್ತಾರೆ, ಉತ್ತರಪತ್ರಿಕೆಗೆ ಎಷ್ಟು ಅಂಕ ಎಂಬುದನ್ನಲ್ಲ.

ಅಕ್ಕಾ, ಶುಕ್ರವಾರದ ಅಸೈನ್‌ಮೆಂಟಿಗೆ ಸಣ್ಣ ವಿಸ್ತರಣೆ ಕೇಳುವ ಬೇರೆ ಸುಲಭ ದಾರಿ ಇದೆಯೇ ಎಂದು ಅವನು ಮೊದಲು ನೋಡಲಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಕೆಲವು ದಿನಗಳ ವಿಸ್ತರಣೆ ಡಾಕ್ಟರ್ ಪತ್ರವಿಲ್ಲದೆಯೇ ಸಿಗುತ್ತದೆ. ಗಡುವು ದಾಟುವ ಮೊದಲೇ ಕೇಳಬೇಕು, ಅಂದರೆ ಗುರುವಾರದೊಳಗೇ ಕೇಳಿಬಿಟ್ಟರೆ ನಿಶ್ಚಿಂತೆ.