ಫೀಡರ್‌ಗೆ ಎರಗುವುದು ಹದ್ದೋ, ಗಿಡುಗವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಅಮೆರಿಕದ ಮನೆಗಳ ಹಿತ್ತಲಲ್ಲಿ ಕಾಣುವ ಹಕ್ಕಿಗಳ ಬಗ್ಗೆ, ಇಲ್ಲಿ ಕನ್ನಡ ಕಲಿಯುವ ಮಕ್ಕಳಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಫೀಡರ್‌ಗೆ, ಅಂದರೆ ಹಕ್ಕಿಗಳಿಗೆಂದು ಕಾಳು ತುಂಬಿಡುವ ಡಬ್ಬಿಗೆ, ತಿನ್ನಲು ಬರುವ ಹಕ್ಕಿಗಳ ಪುಟ ಬೇಗ ಮುಗಿಯಿತು. ಆ ಹಕ್ಕಿಗಳನ್ನೇ ತಿನ್ನಲು ಬರುವವರ ಪುಟದಲ್ಲಿ ಸಿಕ್ಕಿಹಾಕಿಕೊಂಡೆ.

ಮೊದಲು ಸುಮ್ನೆ ‘ಹದ್ದು’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಹದ್ದು ಮೇಲೆ ಆಕಾಶದಲ್ಲಿ ಸುತ್ತುತ್ತೆ ಅಲ್ವಾ? ಇದು ಪೊದೆ ಸಂದಿಯಿಂದ ಬರುತ್ತಲ್ಲ?” ಎಂದು ಕೇಳಿದಳು. ಅವಳ ಮಾತು ಸರಿ. ಹದ್ದು ಅಂದರೆ ನಮ್ಮ ಕಣ್ಣಿಗೆ ಬರುವುದು ರೆಕ್ಕೆ ಬಡಿಯದೆ ಎತ್ತರದಲ್ಲಿ ತೇಲುವ ಹಕ್ಕಿ. ಇದರ ರೀತಿಯೇ ಬೇರೆ. ಗಿಡ್ಡ ದುಂಡು ರೆಕ್ಕೆ, ಉದ್ದ ಬಾಲ. ಮರಗಳ ನಡುವೆ ನುಸುಳಿ ಹಾರಲು ಹೇಳಿ ಮಾಡಿಸಿದ ಮೈ. ನಾಲ್ಕೈದು ಸಲ ಪಟಪಟ ರೆಕ್ಕೆ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದ್ದು ಹೇಳುತ್ತೇನೆ. ಫೀಡರ್ ಕೆಳಗೆ ಐದಾರು ಪಾರಿವಾಳದ ಜಾತಿಯ ಮೋರ್ನಿಂಗ್ ಡವ್‌ಗಳು ಉದುರಿದ ಕಾಳು ಹೆಕ್ಕುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೂ ಇಲ್ಲ. ಹಿಮದ ಮೇಲೆ ಬೂದು ಬೆನ್ನಿನ ಹಕ್ಕಿಯೊಂದು ಎರಡೂ ರೆಕ್ಕೆ ಹರಡಿ, ಹಿಡಿದದ್ದನ್ನು ಕೊಡೆಯಂತೆ ಮರೆಮಾಡಿಕೊಂಡು ಕೂತಿತ್ತು. ಕಣ್ಣು ಕೆಂಡದ ಬಣ್ಣ. ಗರಿ ಕಿತ್ತು ಕಿತ್ತು ಪಕ್ಕಕ್ಕೆ ಎಸೆಯುತ್ತಿತ್ತು. ಅದು ಹೋದ ಮೇಲೆ ಗರಿಗಳ ಒಂದು ಸುತ್ತು ಮಾತ್ರ ಉಳಿಯಿತು. ಹೀಗೆ ರೆಕ್ಕೆಯಿಂದ ಬೇಟೆಯನ್ನು ಮುಚ್ಚಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದವಿದೆ. ಕನ್ನಡದಲ್ಲಿ ‘ರೆಕ್ಕೆ ಕವಿಚು’ ಅನ್ನಬಹುದೇ?

ಹಕ್ಕಿಯ ಹೆಸರಿಗೆ ಬರೋಣ. ನನ್ನ ಮುಂದಿರುವ ಪದಗಳು ಹದ್ದು, ಗಿಡುಗ, ಡೇಗೆ, ಸಾಳುವ, ಬಿಜ್ಜು. ಡೇಗೆ ಈಗ ನಿಘಂಟಿನಲ್ಲೇ ಜಾಸ್ತಿ ಬದುಕಿದೆ. ಸಾಳುವ ಅಂದರೆ ಬೇಟೆಯ ಹಕ್ಕಿ, ಆದರೆ ಅದನ್ನು ಕೇಳಿದರೆ ವಿಜಯನಗರದ ಸಾಳುವ ನರಸಿಂಹನೇ ನೆನಪಾಗುತ್ತಾನೆ. ಬಿಜ್ಜು ತುಂಬ ಹತ್ತಿರದ್ದು. ನಮ್ಮ ಕಡೆ ಹಕ್ಕಿ ನೋಡುವವರು ಶಿಕ್ರಾ ಎಂಬ ಚಿಕ್ಕ ಬೇಟೆಹಕ್ಕಿಯನ್ನು ಹಾಗೆ ಕರೆಯುತ್ತಾರೆ, ಅದು ಇಲ್ಲಿನ ಈ ಹಕ್ಕಿಗಳ ನೆಂಟನೇ. ಆದರೆ ಒಂದು ಹಕ್ಕಿಯ ಹೆಸರನ್ನು ಇಡೀ ಗುಂಪಿಗೆ ಎಳೆಯಲು ಮನಸ್ಸಿಲ್ಲ. ಹಾಗಾಗಿ ಗಿಡುಗವೇ ನನ್ನ ಆಯ್ಕೆ.

ಈ ಗೊಂದಲ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ ಹಿಂದೆ ‘ಸ್ಪ್ಯಾರೋ ಹಾಕ್’ ಅನ್ನುತ್ತಿದ್ದ ಹಕ್ಕಿ ಈಗಿನ ಅಮೆರಿಕನ್ ಕೆಸ್ಟ್ರೆಲ್. ಅದು ಫಾಲ್ಕನ್ ಎಂಬ ಬೇರೆಯೇ ಬೇಟೆಹಕ್ಕಿಗಳ ಕುಲದ್ದು, ಹಾಕ್ (ನಾನು ಗಿಡುಗ ಅನ್ನುತ್ತಿರುವುದು) ಅಲ್ಲವೇ ಅಲ್ಲ. ಬ್ರಿಟನ್ನಿನಲ್ಲಿ ‘ಬಜರ್ಡ್’ ಅಂದರೆ ಒಂದು ಹಕ್ಕಿ, ಅಮೆರಿಕದ ಹಳ್ಳಿಗರ ಬಾಯಲ್ಲಿ ಅದೇ ಪದಕ್ಕೆ ರಣಹದ್ದು ಅಂತ ಅರ್ಥ.

ನಿಜವಾದ ಪೇಚು ಮುಂದಿನದು. ಫೀಡರ್ ಹತ್ತಿರ ಜಾಸ್ತಿ ಕಾಣುವ ಗಿಡುಗ ಎರಡು, ಕೂಪರ್ಸ್ ಹಾಕ್ ಮತ್ತು ಶಾರ್ಪ್ ಶಿನ್ಡ್ ಹಾಕ್. ನೋಡಲು ಅವಳಿ ಜವಳಿ. ಕೂಪರ್ಸ್ 37ರಿಂದ 45 ಸೆಂಟಿಮೀಟರ್ ಉದ್ದ, ಇನ್ನೊಂದು 24ರಿಂದ 34. ಅಳತೆ ನೋಡಿ ಹೇಳಿಬಿಡಬಹುದು ಅನ್ನಿಸುತ್ತದೆ. ಆದರೆ ಎರಡರಲ್ಲೂ ಗಂಡಿಗಿಂತ ಹೆಣ್ಣು ದೊಡ್ಡದು. ಚಿಕ್ಕ ಜಾತಿಯ ಹೆಣ್ಣು ದೊಡ್ಡ ಜಾತಿಯ ಗಂಡಿನ ಹತ್ತಿರ ಹತ್ತಿರ ಬಂದುಬಿಡುತ್ತದೆ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಾಗ ಕಣ್ಣಳತೆಯನ್ನು ನಾನಂತೂ ನಂಬುವುದಿಲ್ಲ.

ಬಾಲ ನೋಡಬೇಕು. ಕೂಪರ್ಸ್‌ನ ಬಾಲದ ತುದಿ ದುಂಡಗೆ, ಅಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ. ಇನ್ನೊಂದರದ್ದು ಕತ್ತರಿಸಿದಂತೆ ನೇರ. ಬಾಲ ಬಿಚ್ಚಿದಾಗ ಅದೂ ದುಂಡಗೆ ಕಾಣುತ್ತದೆ, ಅಲ್ಲಿ ಎಡವಬೇಡಿ. ತಲೆಯೂ ಸಹಾಯಕ್ಕೆ ಬರುತ್ತದೆ. ಬೆಳೆದ ಕೂಪರ್ಸ್‌ಗೆ ನೆತ್ತಿಯ ಮೇಲೆ ಕಪ್ಪು ಟೋಪಿ ಇಟ್ಟಂತೆ, ಕತ್ತು ತಿಳಿ ಬಣ್ಣ. ಚಿಕ್ಕದಕ್ಕೆ ಕತ್ತಿನ ಹಿಂದಿನವರೆಗೂ ಮುಸುಕು ಎಳೆದಂತೆ ಒಂದೇ ಬಣ್ಣ. ಹಾರುವಾಗ ಕೂಪರ್ಸ್‌ನ ತಲೆ ರೆಕ್ಕೆಗಳಿಂದ ಮುಂದಕ್ಕೆ ಚಾಚಿರುತ್ತದೆ. ಚಿಕ್ಕದರ ಕಾಲು ಪೆನ್ಸಿಲ್ ಕಡ್ಡಿಯಷ್ಟು ಸಣ್ಣ. ಮರಿಗಳಿಗೆ ಎದೆ ತುಂಬ ಕಂದು ಗೆರೆಗಳು, ಕಣ್ಣು ಹಳದಿ. ಅವನ್ನು ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ.

ಇವಕ್ಕೆ ಕನ್ನಡದಲ್ಲಿ ಏನು ಹೆಸರು ಇಡೋಣ? ‘ಕೂಪರನ ಗಿಡುಗ’ ಅಂದರೆ ಮಗುವಿಗೆ ಏನೂ ತಿಳಿಯದು. ಆ ಕೂಪರ್ ನ್ಯೂಯಾರ್ಕಿನ ವಿಲಿಯಂ ಕೂಪರ್, ಹೆಸರು ಇಟ್ಟದ್ದು 1828ರಲ್ಲಿ. ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ಬದಲಿಸುತ್ತೇವೆ ಎಂದು ಅಮೆರಿಕದ ಪಕ್ಷಿಶಾಸ್ತ್ರ ಸಂಘವೇ 2023ರಲ್ಲಿ ಹೇಳಿದೆ. ಅವರೇ ಇಳಿಸಲು ಹೊರಟ ಹೊರೆಯನ್ನು ನಾವೇಕೆ ಹೊರಬೇಕು? ಇನ್ನೊಂದನ್ನು ‘ಚೂಪು ಕಣಕಾಲಿನ ಗಿಡುಗ’ ಅಂದರೆ ಪದಕ್ಕೆ ಪದ ಕೂರುತ್ತದೆ. ಆದರೆ ಕಾಲಿನ ಆ ಚೂಪು ಅಂಚು ದೂರದಿಂದ ಕಾಣುವುದೇ ಇಲ್ಲ!

ಹಾಗಾಗಿ ಕಣ್ಣಿಗೆ ಬೀಳುವ ಗುರುತಿನಿಂದಲೇ ಹೆಸರಿಟ್ಟೆ. ಒಂದು ‘ದುಂಡುಬಾಲದ ಗಿಡುಗ’, ಇನ್ನೊಂದು ‘ಕಡ್ಡಿಗಾಲಿನ ಗಿಡುಗ’. ಎರಡನ್ನೂ ಬಾಲದಿಂದಲೇ ಕರೆಯಬೇಕಿತ್ತು ಎಂದು ಗೆಳೆಯರೊಬ್ಬರ ತಕರಾರು. ‘ಚೌಕಬಾಲ’ ನನ್ನ ನಾಲಿಗೆಗೆ ಹತ್ತಲಿಲ್ಲ.

ಕ್ರಿಯಾಪದಕ್ಕೆ ಮಾತ್ರ ಒದ್ದಾಡಲಿಲ್ಲ. ‘ಎರಗು’ ಇದೆಯಲ್ಲ. ಹಿರಿಯರ ಕಾಲಿಗೆ ಎರಗುವುದೂ ಅದೇ, ಬೇಟೆಯ ಮೇಲೆ ಎರಗುವುದೂ ಅದೇ. ಆ ಹುಡುಗಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕಳು.

ಈಗ ನನ್ನ ಪ್ರಶ್ನೆ. ನಿಮ್ಮ ಮನೆಮಾತಿನಲ್ಲಿ ಗಿಡುಗ ಅಂದರೆ ಯಾವ ಹಕ್ಕಿ? ಮರದ ಮರೆಯಿಂದ ನುಗ್ಗುವುದೋ, ಮೇಲಿಂದ ಬೀಳುವುದೋ? ಮೇಲಿಂದ ಬೀಳುವುದಕ್ಕೂ ಗಿಡುಗ ಅನ್ನುವವರು ಜಾಸ್ತಿ ಇದ್ದರೆ ನಾನು ಬಿಜ್ಜುವಿಗೇ ಹಿಂದಿರುಗಬೇಕಾಗುತ್ತದೆ.