ಸಹಾಯ ಬೇಕು: ಪಾಳೊಳೆಯಲ್ಲಿ ಉಪ್ಪುಗಾಳಿ ತಿಂದ ಎಸಿ ಕಾಯಿಲ್

ದಕ್ಷಿಣ ಗೋವಾದ ಪಾಳೊಳೆ, ಸಮುದ್ರದಿಂದ 200 ಮೀಟರ್. ನಿವೃತ್ತ ವಿದೇಶಿ ದಂಪತಿ ಬಾಡಿಗೆಗಿರುವ ಮನೆ. 1.5 ಟನ್ ಸ್ಪ್ಲಿಟ್ ಎಸಿ, ತಂಪು ಮಾಡುವ ಗ್ಯಾಸ್ ಆರ್32. ಹೊರಗಿನ ಯೂನಿಟ್ಟಿನ ಕಾಯಿಲ್‌ಗೆ (ಗ್ಯಾಸ್ ಹರಿಯುವ ಕೊಳವೆ ಸುರುಳಿ) ಕೂಡಿಸಿದ ಅಲ್ಯೂಮಿನಿಯಂ ರೆಕ್ಕೆಗಳು ಮುಟ್ಟಿದರೆ ಪುಡಿ. ಎರಡು ಸಲ ಗ್ಯಾಸ್ ತುಂಬಿಸಿದರೂ ತಿಂಗಳೊಳಗೆ ತಂಪು ಮಾಯ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿ ಹೋಗುವವರು ದಯವಿಟ್ಟು ಬೇಡ!

ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿ ನೋಡಿ, ಕಾಯಿಲ್ ಬದಲಿಸಿ, 30 ನಿಮಿಷವಾದರೂ ವ್ಯಾಕ್ಯೂಮ್ ಎಳೆದು (ಒಳಗಿನ ಗಾಳಿ, ತೇವ ಹೊರತೆಗೆದು), ಗ್ಯಾಸನ್ನು ತೂಕ ಮಾಡಿಯೇ ತುಂಬುವ ಮೆಕ್ಯಾನಿಕ್ ಮಡಗಾಂವ್ ಅಥವಾ ಕಾರವಾರದ ಕಡೆ ಇದ್ದರೆ ತಿಳಿಸಿ. ಆರ್32 ಹೊತ್ತಿಕೊಳ್ಳುವ ಗ್ಯಾಸ್, ಪೂರ್ತಿ ತೆಗೆಯದೆ ಬೆಸುಗೆಗೆ ಕೈಹಾಕುವಂತಿಲ್ಲ. ಉಪ್ಪು ತಡೆಯುವ ಲೇಪನವಿರುವ ತಾಮ್ರದ ಕಾಯಿಲ್ ಎಲ್ಲಿ ಸಿಗುತ್ತದೆ? ಯೂನಿಟ್ಟನ್ನು ಮನೆಯ ಹಿಂಬದಿಗೆ ಸರಿಸಿದರೆ ಪೈಪ್ 3 ಮೀಟರ್ ಹೆಚ್ಚಾಗುತ್ತದೆ, ಅದಕ್ಕೆ ಎಷ್ಟು ಗ್ರಾಂ ಗ್ಯಾಸ್ ಸೇರಿಸಬೇಕು? ಜೂನ್ ಮಳೆಗೆ ಮುಂಚೆ ಕೆಲಸ ಆಗಬೇಕು.